ಎಡಗಾಲಿನ ಐದು ಬೂಟುಗಳು

ರಘುರಾಮನಿಗೆ ಸಿಟ್ಟು ಬರಲು ಕಾರಣವೇನೂ ಬೇಕಾಗಿರಲಿಲ್ಲ. ಕಾರಣ ಸಿಕ್ಕಿದರೆ ಅದು ಅವನ ಪಾಲಿಗೆ ಲಾಭ. ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಿಂದ ರೆಡ್‌ವುಡ್ ಸಿಟಿಯ ಆಫೀಸಿಗೆ ಹೋಗುವಾಗ ಫ್ರೀವೇಯ ಮೇಲೆ ಸಿಟ್ಟು, ಬರುವಾಗಲೂ ಫ್ರೀವೇಯ ಮೇಲೆ ಸಿಟ್ಟು, ನಡುವೆ ಕಂಪ್ಯೂಟರಿನ ಮೇಲೆ, ಮನೆಗೆ ಬಂದ ಮೇಲೆ ಮುಚ್ಚಳ ಬಿಚ್ಚದ ಹಾಲಿನ ಡಬ್ಬದ ಮೇಲೆ. ಅದು ಇಂಟರ್‌ನೆಟ್ಟಿನ ಭರಾಟೆಯ ಕಾಲ. ನಿನ್ನೆ ಶುರುವಾದ ಕಂಪನಿಯ ಹೆಸರು ಇವತ್ತು ಪೇಪರಿನಲ್ಲಿ ಬರುತ್ತಿತ್ತು. ಅದಕ್ಕೂ ಅವನಿಗೆ ಸಿಟ್ಟು, ತನ್ನ ಕಂಪನಿಯ ಹೆಸರು ಬರಲಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು. ಉಡುಪಿ ಕಡೆಯ ಮನುಷ್ಯ. ಬೆವರನ್ನೂ ಸಿಟ್ಟನ್ನೂ ಅಲ್ಲಿಂದಲೇ ತಂದಿದ್ದ. ಕ್ಯಾಲಿಫೋರ್ನಿಯಾದ ಹವೆಗೆ ಬೆವರು ನಿಂತಿತು, ಸಿಟ್ಟು ನಿಲ್ಲಲಿಲ್ಲ.

ಆ ಶನಿವಾರದ ಸಿಟ್ಟಿಗೆ ಮಾತ್ರ ತಕ್ಕ ಕಾರಣ ಇದೆಯೆಂದು ಅವನ ವಾದ. ಹೆಂಡತಿ ವಿಮಲಾಗೆ ಕೆಲಸ ಸಿಕ್ಕಿತ್ತು. ಕೃಷಿ ಓದಿದ ಹೆಂಗಸು, ಇಷ್ಟು ವರ್ಷ ಬಾಲ್ಕನಿಯ ಕುಂಡಗಳಲ್ಲಿ ಕೊತ್ತಂಬರಿ ಬೆಳೆಸಿಕೊಂಡಿದ್ದವಳು, ಗ್ರೀನ್ ಕಾರ್ಡು ಬಂದದ್ದೇ ತಡ ಗಂಡನಿಗೆ ಹೇಳದೆ ಮಾರ್ಗನ್ ಹಿಲ್‌ನ ಒಂದು ಸಸಿಗಳ ನರ್ಸರಿಗೆ ಅರ್ಜಿ ಹಾಕಿದ್ದಳು. ಅವರು ಬನ್ನಿ ಎಂದಿದ್ದರು. ಮುಂದಿನ ವಾರದ ಲಾಂಗ್ ವೀಕೆಂಡ್ ಮುಗಿದ ಮಂಗಳವಾರ ಅವಳು ಫೋನು ಮಾಡಿ ಬರುತ್ತೇನೆ ಎನ್ನಬೇಕಿತ್ತು. ಈ ಸುದ್ದಿ ರಘುರಾಮನಿಗೆ ತಿಳಿದದ್ದು ಕೆಳಗಿನ ಮನೆಯಲ್ಲಿ, ಚಹಾ ಕುಡಿಯುವಾಗ, ಆ ಮನೆಯ ಜೈನಬ್ "ಕಂಗ್ರಾಜುಲೇಷನ್ಸ್ ವಿಮಲಕ್ಕ!" ಎಂದಾಗ.

ಕೆಳಗಿನ ಮನೆಯ ಮುಕರ್ರಮ್ ಮೈಸೂರಿನವನು, ಜೈನಬ್ ಅವನ ಹೆಂಡತಿ. ಗಂಡಹೆಂಡಿರಿಬ್ಬರೂ ಸಮಾಧಾನದ ಜನ. ಅವರ ಸಮಾಧಾನದ ಬಹುಪಾಲು ರಘುರಾಮನ ಮೇಲೆಯೇ ಖರ್ಚಾಗುತ್ತಿತ್ತು.

"ಮಾರ್ಗನ್ ಹಿಲ್ಲಿಗೆ? ಫ್ರೀವೇಯಲ್ಲಿ? ನೀನು?" ರಘುರಾಮ ಮೇಜಿಗೆ ಗುದ್ದಿದ. ಮೇಜು ಮುಕರ್ರಮ್‌ನದು. "ಅಲ್ಲಿ ಬೆಳಗ್ಗಿನಿಂದ ಸಂಜೆ ತನಕ ನಿಂತುಕೊಂಡೇ ಇರ್ಬೇಕು ಮಾರಾಯ್ತಿ. ಕುಂಡ ಎತ್ಬೇಕು, ಮಣ್ಣು ಹೊರ್ಬೇಕು. ಗ್ರೋಸರಿ ಚೀಲ ಹಿಡ್ಕೊಂಡು ನಮ್ಮ ಮೆಟ್ಟಿಲು ಹತ್ತುವಾಗಲೇ ನಿನಗೆ ಉಬ್ಬಸ ಬರ್ತದೆ!"

"ಎಲ್ಲಾ ಚೀಲ ನಾನೊಬ್ಬಳೇ ಹಿಡ್ಕೊಂಡು ಹತ್ತುದಕ್ಕೆ ಬರ್ತದೆ," ಎಂದಳು ವಿಮಲಾ.

ಮುಕರ್ರಮ್ ಮಾತು ತಿರುಗಿಸಲು ನೋಡಿದ. "ಬಿಡಿ ರಾಯ್ರೇ, ಚಾ ಆರ್ತಾ ಇದೆ. ನಮ್ಮ ಆಫೀಸಿನ ಕತೆ ಕೇಳಿ. ಲಾಂಗ್ ವೀಕೆಂಡಿಗೆ ಸ್ಕೈಲೈನ್ ರಸ್ತೆ ಆಚೆ ಬೆಟ್ಟದ ಸಾಲಲ್ಲಿ ಮೂರು ದಿನ ನಡೆಯೋ ಪ್ಲಾನು. ಒಂದು ಗುಡಿಸಲಿಂದ ಇನ್ನೊಂದು ಗುಡಿಸಲಿಗೆ, ಕೊನೆಗೆ ಸಮುದ್ರ. ವೆಬ್‌ಸೈಟ್ ಲಾಂಚು ಅಂತ ಈಗ ಯಾರೂ ಬರ್ತಿಲ್ಲ. ಬುಕ್ ಮಾಡಿದ ಜಾಗ ಸುಮ್ನೆ ಹಾಳಾಗತ್ತೆ."

ತಿರುಗಿಸಿದ ಮಾತು ನೇರವಾಗಿ ಹೋಗಿ ರಘುರಾಮನ ಜಂಬಕ್ಕೆ ತಾಗಿತು. "ಬೆಟ್ಟವಾ? ಕೊಡಚಾದ್ರಿಯನ್ನು ಓಡಿಕೊಂಡು ಹತ್ತಿದವ ನಾನು!"

ಕೊಡಚಾದ್ರಿಯನ್ನು ಅವನು ಹತ್ತಿದ್ದು ಜೀಪಿನಲ್ಲಿ. ನಡುವೆ ವಾಂತಿ ಮಾಡಲು ಇಳಿದು ಹತ್ತಿದ್ದೇ ಅವನ ಪಾದಯಾತ್ರೆ. ಆದರೆ ಸಿಟ್ಟು ಬಂದಾಗ ಮನುಷ್ಯನಿಗೆ ತನ್ನ ಚರಿತ್ರೆ ತನಗೇ ನೆನಪಿರುವುದಿಲ್ಲ. ಅವನು ಎದ್ದು ನಿಂತು ಹೆಂಡತಿಗೆ ಬೆರಳು ತೋರಿಸಿದ. "ಬಾ, ನಡೆದು ತೋರ್ಸು! ಮೂರು ದಿನ ನಿನ್ನ ಕಾಲಲ್ಲಿ ನಡೆದು ಸಮುದ್ರ ಮುಟ್ಟಿದ್ರೆ ಮಂಗಳವಾರ ನಾನೇ ನರ್ಸರಿಗೆ ಫೋನು ಮಾಡಿ, ನನ್ನ ಹೆಂಡತಿ ಬರ್ತಾಳೆ ಅಂತ ಹೇಳ್ತೇನೆ. ಮುಟ್ಟದಿದ್ರೆ ಕೆಲಸದ ಮಾತೇ ಎತ್ಬಾರ್ದು."

"ನೀವು ಮುಟ್ಟದಿದ್ರೆ?"

"ನಾನಾ? ನಾನು ಮುಟ್ಟದಿದ್ರೆ ಬೆಳಗ್ಗಿನ ದೋಸೆ ಜೀವಮಾನ ಪೂರ್ತಿ ನಾನೇ ಹೊಯ್ತೇನೆ!"

"ಜೈನಬ್, ನೀನು ಸಾಕ್ಷಿ," ಎಂದು ಹೇಳಿ ವಿಮಲಾ ಚಹಾದ ಲೋಟ ತೊಳೆಯಲು ಹೋದಳು. ರಘುರಾಮ ಧುಮುಗುಡುತ್ತ ಹೊರಗೆ ಬಂದು ಚಪ್ಪಲಿ ಹುಡುಕತೊಡಗಿದ. ಒಂದು ಮೆಟ್ಟಿಲ ಕೆಳಗಿತ್ತು. ಇನ್ನೊಂದು ಜೈನಬ್‌ಳ ಪುದೀನಾ ಕುಂಡದ ಹಿಂದೆ.

ಈ ಚಪ್ಪಲಿಯ ವಿಷಯ ಇಲ್ಲೇ ಹೇಳಿಬಿಡಬೇಕು. ಹಿಂದೆ ಊರಿನ ಒಂದು ಮದುವೆ ಮಂಟಪದ ಬಾಗಿಲಲ್ಲಿ ರಘುರಾಮನ ಹೊಚ್ಚ ಹೊಸ ಚಪ್ಪಲಿ ಕಳುವಾಗಿತ್ತು. ಉರಿಬಿಸಿಲಿನಲ್ಲಿ ಬರಿಗಾಲಲ್ಲಿ ಮನೆಗೆ ಬಂದ ಆ ದಿನದಿಂದ ಅವನು ಎಲ್ಲಿಗೆ ಹೋದರೂ ಎಡಗಾಲಿನದನ್ನು ಒಂದು ಕಡೆ, ಬಲಗಾಲಿನದನ್ನು ಇನ್ನೊಂದು ಕಡೆ ಬಿಡುತ್ತಿದ್ದ. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ. ನಮ್ಮಲ್ಲಿ ದೇವಸ್ಥಾನಕ್ಕೆ ಹೋಗುವವರಲ್ಲಿ ಅನೇಕರಿಗೆ ಈ ಉಪಾಯ ಗೊತ್ತು. ಆದರೆ ಅದನ್ನು ಸಮುದ್ರ ದಾಟಿಸಿ ತಂದವನು ಬಹುಶಃ ರಘುರಾಮನೊಬ್ಬನೇ.

ಹೊರಟವರು ಐದು ಜನ: ಗಂಡಹೆಂಡಿರು ಎರಡು ಜೋಡಿ, ಜೊತೆಗೆ ರಘುರಾಮನ ಮಗಳು ಲಾಸ್ಯಾ. ಅವಳು ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸಿನವಳು. ಎಲ್ಲರಿಗೂ ಹೊಸ ಬೂಟು. ನಾಲ್ಕು ದಿನ ಹಾಕಿಕೊಂಡು ಓಡಾಡಿ, ಕಾಲಿಗೆ ಒಗ್ಗಲಿ ಎಂದು ಅಂಗಡಿಯ ಹುಡುಗಿ ಹೇಳಿದ್ದಕ್ಕೆ ರಘುರಾಮ, "ನನ್ನ ಕಾಲಿನ ವಿಷಯ ನಿನಗೆಂತ ಗೊತ್ತು?" ಎಂದು ರೇಗಿ, ಬೂಟನ್ನು ಡಬ್ಬದಿಂದ ತೆಗೆದದ್ದು ಬೆಟ್ಟದ ಬುಡದಲ್ಲೇ. ಬೆನ್ನ ಚೀಲದಲ್ಲಿ ಪ್ರೆಶರ್ ಕುಕ್ಕರ್, ಅಕ್ಕಿ, ಮಿಡಿ ಉಪ್ಪಿನಕಾಯಿಯ ಬಾಟಲಿ. ತಲೆಯ ಮೇಲೆ ಟೊಪ್ಪಿ, ಕೈಯಲ್ಲಿ ಕೊಡೆ.

ಗಾಳಿ ಬೆಟ್ಟದ ನೆತ್ತಿಯಲ್ಲಿ ಕಾಯುತ್ತ ನಿಂತಿತ್ತು. ಮೊದಲ ತಿರುವಿನಲ್ಲೇ ಕೊಡೆಯನ್ನು ಒಳಹೊರಗು ಮಾಡಿತು. ಎರಡನೆಯದರಲ್ಲಿ ಟೊಪ್ಪಿಯನ್ನು ಒಯ್ದು ಕಣಿವೆಗೆ ಎಸೆಯಿತು.

"ಎಂತ ಗಾಳಿ ಇದು! ಯಾರೂ ಕೇಳುವವರಿಲ್ವಾ ಇಲ್ಲಿ?" ರಘುರಾಮ ಆಕಾಶದ ಕಡೆ ಮುಷ್ಟಿ ಎತ್ತಿ ಕೂಗಿದ.

"ಅಪ್ಪಾ, ಯೂ ಆರ್ ಯೆಲ್ಲಿಂಗ್ ಅಟ್ ದ ವೆದರ್," ಎಂದಳು ಲಾಸ್ಯಾ.

"ಬೈದ್ರೆ ಸರಿಯಾಗ್ತದೆ!"

ಸರಿಯಾಗಲಿಲ್ಲ. ಸಂಜೆಗೆ ಮೊದಲ ಗುಡಿಸಲು ಮುಟ್ಟುವಷ್ಟರಲ್ಲಿ ರಘುರಾಮನ ಎರಡು ಹಿಮ್ಮಡಿಗಳಲ್ಲೂ ಬೊಕ್ಕೆ ಎದ್ದು ಒಡೆದಿತ್ತು. ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಅವನು, "ನಿಮ್ಮ ಕಾವಲಿಗೆ ಹಿಂದೆ ಬಂದೆ" ಎಂದ. ವಿಮಲಾ ಮೊದಲೇ ಬಂದು ಬಾಗಿಲ ಬಳಿ ಕೂತು ಅವಲಕ್ಕಿ ತಿನ್ನುತ್ತಿದ್ದಳು. ಉಬ್ಬಸ ಎಲ್ಲೂ ಕಾಣಿಸಲಿಲ್ಲ. ಅದನ್ನು ಕಂಡು ರಘುರಾಮನಿಗೆ ಬಂದ ಸಿಟ್ಟು ಆ ದಿನದ ಎಲ್ಲಾ ಸಿಟ್ಟುಗಳಲ್ಲಿ ದೊಡ್ಡದು.

ಗುಡಿಸಲು ಎಂದರೆ ಹುಲ್ಲಿನದಲ್ಲ, ಮರದ ಒಂದು ಕೋಣೆ. ಮಲಗಲು ಹಲಗೆಗಳು, ಅಡಿಗೆಗೆ ಒಂದು ಒಲೆ. ಬೂಟು ಹಾಕಿಕೊಂಡೇ ಒಳಗೆ ಕಾಲಿಟ್ಟ ಮುಕರ್ರಮ್‌ನನ್ನು ರಘುರಾಮ ತಡೆದ. "ಅನ್ನ ಬೇಯುವ ಜಾಗಕ್ಕೆ ಬೂಟಾ? ತೆಗೀರಿ ಸಾಹೇಬ್ರೇ, ಎಲ್ಲಾ ತೆಗೀರಿ!" ಎಲ್ಲರೂ ತೆಗೆದು ಚೀಲದಲ್ಲಿದ್ದ ಹವಾಯಿ ಚಪ್ಪಲಿ ಮೆಟ್ಟಿದರು. ರಘುರಾಮ ಹತ್ತೂ ಬೂಟುಗಳನ್ನು ತಬ್ಬಿಕೊಂಡು ಕುಂಟುತ್ತ ಹೊರಗೆ ಹೋದ. ಬಲಗಾಲಿನವು ಐದನ್ನು ಸೌದೆ ರಾಶಿಯ ಹಿಂದೆ ತುರುಕಿದ. ಎಡಗಾಲಿನವು ಐದನ್ನು ಒಂದು ಕೂಗಳತೆ ದೂರದಲ್ಲಿದ್ದ ಬಂಡೆಯ ಅಂಚಿಗೆ ಒಯ್ದು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿಟ್ಟ. ಆ ಅಂಚಿನಿಂದಾಚೆ ಕಡಿದಾದ ಪ್ರಪಾತ. ಕಳ್ಳನಿಗೆ ಅಲ್ಲಿ ಹುಡುಕಲು ಹೊಳೆಯುವುದೇ ಇಲ್ಲ ಎಂದು ಅವನ ಲೆಕ್ಕ.

"ರಾಯ್ರೇ, ಈ ಕಾಡಲ್ಲಿ ಯಾರು ಕದೀತಾರೆ?" ಎಂದು ಮುಕರ್ರಮ್ ನಕ್ಕ.

"ಕಳ್ಳನಿಗೆ ಇಲ್ಲಿಗೆ ಬರ್ಲಿಕ್ಕೆ ವೀಸಾ ಬೇಕಾ?"

ಅದೇ ಹೊತ್ತಿಗೆ ಗಾಳಿ ಜೈನಬ್‌ಳ ಕೆಂಪು ದುಪಟ್ಟಾವನ್ನು ಕಿತ್ತುಕೊಂಡು ಹೋಗಿ, ಅದೇ ಬಂಡೆಯ ಕೆಳಗೆ, ಪ್ರಪಾತದ ನಡುವಿನ ಪೊದೆಗೆ ಸಿಕ್ಕಿಸಿತು. ಹೋದರೆ ಹೋಯಿತೆಂದು ಜೈನಬ್ ಸುಮ್ಮನಾದಳು.

ಬೆಳಗ್ಗೆ ಎದ್ದು ಐವರೂ ಗುಡ್ಡದ ಮಗ್ಗುಲಲ್ಲಿದ್ದ ತೊರೆಗೆ ಮುಖ ತೊಳೆಯಲು ಹೋದರು. ಆಗ ನಡೆದದ್ದು ರಘುರಾಮನಿಗೆ ಆಮೇಲೆ ತಿಳಿಯಿತು, ನಮಗೆ ಈಗಲೇ ತಿಳಿದಿರಲಿ. ಬೆಟ್ಟ ಕಾಯುವ ರೇಂಜರ್ ಬ್ರೆಂಡಾ ಎಂಬ ಗಟ್ಟಿ ಹೆಂಗಸು ಜೀಪಿನಲ್ಲಿ ಗಸ್ತಿಗೆ ಬಂದಳು. ಬಂಡೆಯ ಅಂಚಿನಲ್ಲಿ ಪ್ರಪಾತಕ್ಕೆ ಮುಖ ಮಾಡಿ ನಿಂತ ಐದು ಬೂಟುಗಳನ್ನು ಕಂಡಳು. ಕೊನೆಯದು ಮಗುವಿನದು. ಕೆಳಗೆ ಪೊದೆಯಲ್ಲಿ ಕೆಂಪು ಬಟ್ಟೆ. ಗುಡಿಸಲಿಗೆ ಓಡಿದರೆ ಹಾಸಿಗೆ ಹಾಸಿದಂತೇ ಇದೆ, ಒಲೆಯ ಮೇಲೆ ಕುಕ್ಕರ್ ಇದೆ, ಜನ ಇಲ್ಲ. ಅವಳ ವೈರ್‌ಲೆಸ್ಸು ಆ ಬೆಟ್ಟದಲ್ಲಿ ಗೊರಗೊರ ಎಂದಿತೇ ಹೊರತು ಮಾತಾಡಲಿಲ್ಲ. ಐದೂ ಬೂಟುಗಳನ್ನು ಸಾಕ್ಷಿಗೆಂದು ಜೀಪಿಗೆ ಹಾಕಿಕೊಂಡು ಪೋಲೀಸರನ್ನು ಕರೆತರಲು ಅವಳು ಬೆಟ್ಟ ಇಳಿದಳು.

ತೊರೆಯಿಂದ ಬಂದ ರಘುರಾಮ ಬಂಡೆಯ ಹತ್ತಿರ ಹೋದವನೇ ಬೊಬ್ಬೆ ಹೊಡೆದ. "ಕದ್ರು! ನಾನು ಹೇಳ್ಲಿಲ್ವಾ? ಹೇಳ್ಲಿಲ್ವಾ?" ಮೊದಲಿಗೆ ಅದು ಗೆದ್ದವನ ಬೊಬ್ಬೆ. ಬೂಟು ತನ್ನದೂ ಹೋಗಿದೆ ಎಂಬುದು ಆಮೇಲೆ ನೆನಪಾಗಿ ಅದು ಸಿಟ್ಟಿನ ಬೊಬ್ಬೆಯಾಯಿತು.

"ಬರೀ ಎಡಗಾಲಿಂದು ಕದಿಯೋ ಕಳ್ಳ ಯಾರು ರಾಯ್ರೇ?" ಎಂದ ಮುಕರ್ರಮ್.

ವಿಮಲಾ ಗಂಡನ ಹಿಮ್ಮಡಿಯ ಬೊಕ್ಕೆಗಳನ್ನು ನೋಡಿದಳು. ಮುಖ ನೋಡಿದಳು. "ನನಗೆ ಗೊತ್ತುಂಟು ಯಾರು ಅಂತ. ನಡೀಲಿಕ್ಕೆ ಆಗುದಿಲ್ಲ, ಅದಕ್ಕೆ ನೀವೇ ಬಚ್ಚಿಟ್ಟಿದ್ದೀರಿ. ನಾನೂ ನಡೀಬಾರ್ದು ಅಂತ."

ರಘುರಾಮನ ಬಾಯಿಂದ ತುಳು, ಕನ್ನಡ, ಇಂಗ್ಲಿಷು ಮೂರೂ ಒಟ್ಟಿಗೆ ಹೊರಟವು. "ನಾನು? ನನ್ನ ಮೇಲೆ? ಹೋಗು! ಹವಾಯಿ ಚಪ್ಪಲಿಯಲ್ಲಿ ನಡ್ಕೊಂಡು ಹೋಗು ನೋಡುವಾ, ನಿನ್ನ ಸಮುದ್ರಕ್ಕೆ!"

"ಹೋಗ್ತೇನೆ," ಎಂದಳು ವಿಮಲಾ. ಅವಳ ದನಿ ಏರಲಿಲ್ಲ, ಆದರೆ ಲಾಸ್ಯಾ ಎರಡು ಹೆಜ್ಜೆ ಹಿಂದೆ ಸರಿದಳು. "ಸಿಟ್ಟು ನಿಮಗೆ ಮಾತ್ರ ಬರುದಾ? ನನಗೂ ಬರ್ತದೆ. ಇಷ್ಟು ವರ್ಷ ಅದನ್ನು ಒಗ್ಗರಣೆಗೆ ಹಾಕಿ ನಿಮಗೇ ಬಡಿಸಿದ್ದೇನೆ. ನೀವು ಉಪ್ಪು ಕಮ್ಮಿ ಅಂತ ಅದಕ್ಕೂ ಬೈದಿದ್ದೀರಿ. ಇನ್ನು ಬಡಿಸುದಿಲ್ಲ. ಈ ಬೆಟ್ಟದ ಮೇಲೆ ನಡೀತೇನೆ. ಲಾಸ್ಯಾ, ಚೀಲ ತಗೋ."

"ವಿಮಲಕ್ಕ, ನಾನೂ ಬಂದೆ," ಎಂದು ಜೈನಬ್ ಎದ್ದಳು. ಮೂವರೂ ಪಟಪಟ ಚಪ್ಪಲಿ ಬಡಿಯುತ್ತ ಗಾಳಿಗೆ ಎದುರಾಗಿ ಹೊರಟುಹೋದರು.

ರಘುರಾಮ ಹಿಂದೆ ಹೋಗಬಹುದಿತ್ತು. ಆದರೆ ಅವನಿಗೆ ಒಂದು ಯೋಚನೆ ಹೊಳೆಯಿತು. ಸಿಟ್ಟಿನಲ್ಲಿ ಹೊಳೆದದ್ದಾದ್ದರಿಂದ ಅದು ಬಹಳ ಸರಿಯಾಗಿ ಕಂಡಿತು. "ಸಾಹೇಬ್ರೇ, ಒಂಟಿ ಬೂಟು ಕಳ್ಳನಿಗೆ ಎಂತಕ್ಕೆ? ಬಲಗಾಲಿನದ್ದು ಹುಡುಕಿಕೊಂಡು ಅವ ಬಂದೇ ಬರ್ತಾನೆ. ಹಿಡ್ದು ಕೊಡ್ತೇನೆ. ಅವಳ ಕಣ್ಣೆದುರಿಗೇ ಹಿಡ್ದು ಕೊಡ್ತೇನೆ." ಒಂದು ದೊಣ್ಣೆ ಆರಿಸಿಕೊಂಡು ಸೌದೆ ರಾಶಿಯ ಹಿಂದೆ ಕೂತ. ಇವನನ್ನು ಒಬ್ಬನನ್ನೇ ಬಿಟ್ಟರೆ ಏನಾಗುವುದೋ ಎಂದು ಮುಕರ್ರಮ್ ಪಕ್ಕದಲ್ಲಿ ಕೂತ.

ಬಿಸಿಲು ಏರಿದಾಗ ಜೀಪಿನ ಸದ್ದಾಯಿತು. ಸೌದೆಯ ಸಂದಿಯಿಂದ ನೋಡಿದರೆ ಒಬ್ಬ ಹೆಂಗಸು ಕೆಳಗಿಳಿಯುತ್ತಿದ್ದಾಳೆ, ಅವಳ ಕೈಯಲ್ಲಿ ರಘುರಾಮನ ಎಡಗಾಲಿನ ಬೂಟು! "ಕಳ್ಳೀ!" ಎಂದು ಆರ್ಭಟಿಸಿ, ದೊಣ್ಣೆ ಎತ್ತಿಕೊಂಡು ಅವನು ನುಗ್ಗಿದ. ಜೀಪಿನ ಆ ಬದಿಯಿಂದ ಒಬ್ಬ ಪೋಲೀಸಿನವನು ಇಳಿದದ್ದು ಅವನಿಗೆ ಕಾಣಿಸಿದ್ದು ದೊಣ್ಣೆ ಕೈತಪ್ಪಿ, ತಾನು ನೆಲಕ್ಕೆ ಬಿದ್ದ ಮೇಲೆ.

ವಿಚಾರಣೆ ಇಂಗ್ಲಿಷಿನಲ್ಲಿ ನಡೆಯಿತು.

"ಒಟ್ಟು ಎಷ್ಟು ಜನ ಇದ್ದಿರಿ?"

"ಐದು."

"ಉಳಿದ ಮೂವರು?"

"ಹೋದರು."

"ಎಲ್ಲಿಗೆ?"

ರಘುರಾಮ ಪ್ರಪಾತದ ಕಡೆಗೆ, ಅದರಾಚೆ ದೂರದಲ್ಲಿ ಹೊಳೆಯುತ್ತಿದ್ದ ನೀರಿನ ಕಡೆಗೆ ಕೈ ಬೀಸಿದ. "ಸಮುದ್ರಕ್ಕೆ!"

ಬ್ರೆಂಡಾ ಎದೆಯ ಮೇಲೆ ಕೈ ಇಟ್ಟುಕೊಂಡಳು. ಪೋಲೀಸಿನವನ ದನಿ ಮೆತ್ತಗಾಯಿತು. "ನೀವು ತಡೆಯಲಿಲ್ಲವೇ?"

"ತಡೆದರೆ ಕೇಳುವ ಹೆಂಗಸಾ ಅವಳು? ಹೋಗು ಅಂತ ನಾನೇ ಹೇಳಿದೆ!"

"ನಿಮ್ಮಿಬ್ಬರಿಗೆ ಜಗಳವಾಗಿತ್ತೇ?"

"ಆಗದೆ ಮತ್ತೆ? ದಿನಾ ಆಗ್ತದೆ!"

ಪೋಲೀಸಿನವನು ಸೊಂಟದಿಂದ ಬೇಡಿ ತೆಗೆದ. ಆಗ ಮುಕರ್ರಮ್ ಕೈ ಮೇಲೆತ್ತಿಕೊಂಡೇ ನಡುವೆ ಬಂದು, ಹೆಂಗಸರು ಮೂವರೂ ಜೀವಂತ ಇದ್ದಾರೆ, ಎರಡನೆಯ ಗುಡಿಸಲಿನ ದಾರಿಯಲ್ಲಿ ನಡೆಯುತ್ತಿದ್ದಾರೆ ಎಂದ. ಹಾಗಾದರೆ ಬೂಟುಗಳು ಅಲ್ಲೇಕೆ ಎಂದು ಪೋಲೀಸಿನವನು ಕೇಳಿದ. ಮುಕರ್ರಮ್ ತಾಳ್ಮೆಯಿಂದ ವಿವರಿಸಿದ: ನಮ್ಮ ಕಡೆ ಕೆಲವರು ಒಂದು ಅಲ್ಲಿ, ಒಂದು ಇಲ್ಲಿ ಬಿಡುತ್ತಾರೆ, ಕಳುವಾಗಬಾರದೆಂದು.

"ಎಲ್ಲಿ ಕಳುವಾಗುತ್ತದೆ?"

"ದೇವಸ್ಥಾನದ ಮುಂದೆ."

ಪೋಲೀಸಿನವನು ಬರೆಯುವುದನ್ನು ನಿಲ್ಲಿಸಿದ. "ನಿಮ್ಮ ದೇವರ ಬಾಗಿಲಲ್ಲಿ ಕಳ್ಳರಿರುತ್ತಾರೆಯೇ?"

ರಘುರಾಮ ಸಿಡಿದ. "ಜನ ಚಪ್ಪಲಿ ಬಿಡುವ ಕಡೆಗಲ್ಲದೆ ಚಪ್ಪಲಿ ಕಳ್ಳ ಮತ್ತೆಲ್ಲಿಗೆ ಹೋಗ್ತಾನೆ? ನಿಮ್ಮ ಸ್ಟೇಷನ್ನಿಗಾ?"

ಈ ಉತ್ತರದಿಂದ ಅವನಿಗೇನೂ ಉಪಕಾರವಾಗಲಿಲ್ಲ. ಕಣ್ಣಾರೆ ಕಾಣದೆ ನಂಬುವುದಿಲ್ಲವೆಂದು ಇಬ್ಬರನ್ನೂ ಜೀಪಿಗೆ ಹತ್ತಿಸಿದರು. ಎಡಗಾಲಿನ ಐದು ಬೂಟುಗಳನ್ನು ರಘುರಾಮನ ಮಡಿಲಿಗೆ ಹಾಕಿದರು. ಬಲಗಾಲಿನವು ಸೌದೆಯ ಹಿಂದೆ ಭದ್ರವಾಗಿ ಉಳಿದವು.

ಎರಡನೆಯ ಗುಡಿಸಲಿನ ಮೆಟ್ಟಿಲ ಮೇಲೆ ಮೂವರೂ ಕೂತಿದ್ದರು. ವಿಮಲಾಳ ಕೂದಲು ಗಾಳಿಗೆ ಜಟೆಯಾಗಿತ್ತು, ಕಾಲಿನ ಬೆರಳ ಸಂದಿ ಚಪ್ಪಲಿಯ ಬಾರಿಗೆ ಕೆತ್ತಿಹೋಗಿತ್ತು. ಪೋಲೀಸಿನವನು ಟೊಪ್ಪಿ ತೆಗೆದು ಅವಳ ಮುಂದೆ ಬಗ್ಗಿ ಕೇಳಿದ, "ಮ್ಯಾಮ್, ಈ ಮನುಷ್ಯನ ಜೊತೆ ನೀವು ಕ್ಷೇಮವಾಗಿದ್ದೀರಾ?"

ವಿಮಲಾ ಯೋಚಿಸಿದಳು.

"ಯೋಚನೆ ಮಾಡ್ತಾಳೆ ನೋಡಿ!" ರಘುರಾಮ ಜೀಪಿನೊಳಗಿಂದ ಕಿರುಚಿದ. "ಅದಕ್ಕೆಂತ ಯೋಚನೆ ಮಾರಾಯ್ತಿ!"

"ಕ್ಷೇಮವೇ," ಎಂದಳು ಕೊನೆಗೆ. "ಬಾಯಿ ಮಾತ್ರ ಜೋರು. ಆದರೂ ನಾಳೆ ಸಂಜೆಯ ತನಕ ನೀವೇ ಇಟ್ಟುಕೊಂಡರೆ ಉಪಕಾರ."

ಲಾಸ್ಯಾ ಬಂದು ಬೂಟುಗಳನ್ನು ತಿರುಗಿಸಿ ನೋಡಿದಳು. "ಅಪ್ಪಾ, ದೀಸ್ ಆರ್ ಆಲ್ ಲೆಫ್ಟ್ಸ್."

ಬ್ರೆಂಡಾಳಿಗೆ ತಡೆದಿಟ್ಟ ಸಿಟ್ಟೆಲ್ಲ ಈಗ ಬಂತು. ಒಂದು ಮಗು ಸತ್ತಿತೆಂದು ಬೆಟ್ಟ ಇಳಿಯುವಾಗ ಉದ್ದಕ್ಕೂ ಅತ್ತಿದ್ದೇನೆ, ಗೊತ್ತೇ ಎಂದು ಅವಳು ರಘುರಾಮನಿಗೆ ಬೈದಳು. ಅವನು ಹುಟ್ಟಿದಂದಿನಿಂದ ಬೈದದ್ದೆಲ್ಲ ಅದರ ಮುಂದೆ ಏನೂ ಅಲ್ಲ. ರೇಂಜರ್ ಮೇಲೆ ದೊಣ್ಣೆ ಎತ್ತಿದವನು ಈ ಬೆಟ್ಟದಲ್ಲಿ ಇನ್ನೊಂದು ಹೆಜ್ಜೆ ಇಡಕೂಡದು ಎಂದು ಅಪ್ಪಣೆಯಾಯಿತು.

"ಆದರೆ ನಾನು ಸಮುದ್ರಕ್ಕೆ ನಡೀಬೇಕು!" ರಘುರಾಮನ ದನಿ ಮೊದಲ ಬಾರಿಗೆ ಬೇಡುವಂತಾಯಿತು. "ಪಂಥ ಉಂಟು!"

"ಬನ್ನಿ ವಿಮಲಾ, ನೀವಾದರೂ ಜೀಪಿನಲ್ಲಿ ಕೂತುಕೊಳ್ಳಿ, ಕಾಲು ನೋಡಿ ನಿಮ್ಮದು," ಎಂದಳು ಬ್ರೆಂಡಾ.

"ಇಲ್ಲ. ನಾನು ನಡೆದೇ ಮುಟ್ಟಬೇಕು," ಎಂದಳು ವಿಮಲಾ.

ಮುಕರ್ರಮ್ ಮೆಲ್ಲಗೆ ಜೀಪಿನಿಂದ ಇಳಿದ. "ಕ್ಷಮಿಸಿ ರಾಯ್ರೇ. ನಾನೂ ಇವರ ಜೊತೆಗೇ ನಡೀತೀನಿ."

ರಾತ್ರಿ ರೇಂಜರ್ ಠಾಣೆಯಲ್ಲಿ ಕೂರಿಸಿಟ್ಟು, ಮರುದಿನ ಮಧ್ಯಾಹ್ನ ಬ್ರೆಂಡಾ ರಘುರಾಮನನ್ನು ಕಡಲತೀರದ ಪಾರ್ಕಿಂಗಿನಲ್ಲಿ ಇಳಿಸಿದಳು. ಅವನು ಐದು ಬೂಟುಗಳನ್ನು ಮಗ್ಗುಲಲ್ಲಿ ಇಟ್ಟುಕೊಂಡು ಮರಳ ಮೇಲೆ ಕೂತ. ನಾಯಿ ಕರೆದುಕೊಂಡು ಬಂದವರು ನಿಂತು ನೋಡಿ ಹೋದರು. ಒಬ್ಬ ಮುದುಕ ಹತ್ತಿರ ಬಂದು, ಬೂಟು ಮಾರುವುದಕ್ಕಿದೆಯೇ ಎಂದು ಕೇಳಿದ. ರಘುರಾಮನ ಮುಖ ನೋಡಿ ಉತ್ತರಕ್ಕೆ ಕಾಯದೆ ಹೋದ.

ಸಂಜೆಯ ಹೊತ್ತಿಗೆ ದಿಬ್ಬದ ಮೇಲೆ ನಾಲ್ಕು ಜನ ಕಾಣಿಸಿದರು. ಮುಂದೆ ವಿಮಲಾ. ಒಂದು ಚಪ್ಪಲಿಯ ಬಾರು ಕಿತ್ತು, ಅದನ್ನು ದಾರದಿಂದ ಪಾದಕ್ಕೆ ಬಿಗಿದಿದ್ದಳು. ಮುಖ ಗಾಳಿಗೆ ಸುಟ್ಟು ಕೆಂಪಾಗಿತ್ತು. ಕುಂಟುತ್ತಿದ್ದಳು, ಆದರೆ ನಿಲ್ಲಲಿಲ್ಲ. ಗಂಡನ ಪಕ್ಕದಲ್ಲೇ ಹಾದು ನೇರವಾಗಿ ನೀರಿಗೆ ಹೋಗಿ, ಬಗ್ಗಿ ಅಂಗೈಯಿಂದ ಮುಟ್ಟಿ, ತಿರುಗಿ ಬಂದಳು.

"ನಾಳೆ ಮಂಗಳವಾರ," ಎಂದಳು.

ರಘುರಾಮ ಬೈಯಲು ಬಾಯಿ ತೆರೆದ. ದಾರ ಬಿಗಿದ ಆ ಪಾದದ ಮೇಲೆ ಕಣ್ಣು ಬಿದ್ದು ಬಾಯಿ ಮುಚ್ಚಿದ. ಆಮೇಲೆ ಎದ್ದು, ಹೆಂಗಸರು ಮೂವರ ಚೀಲಗಳನ್ನೂ ತಾನೇ ಹೊತ್ತು, ಮರಳಿಗೆ ಬೈಯುತ್ತ ಪಾರ್ಕಿಂಗಿಗೆ ನಡೆದ.

ಮಂಗಳವಾರ ಬೆಳಗ್ಗೆ ಫೋನಿನ ಮುಂದೆ ನ್ಯಾಯಾಲಯ ನೆರೆಯಿತು. ಸಾಕ್ಷಿ ಜೈನಬ್ ಬಂದಿದ್ದಳು, ಹಿಂದೆ ಮುಕರ್ರಮ್. ವಿಮಲಾ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ರಘುರಾಮ ಹಲ್ಲು ಕಚ್ಚಿಕೊಂಡು ನಂಬರು ಒತ್ತಿದ.

"ನಾನು ವಿಮಲಾಳ ಗಂಡ ಮಾತಾಡುವುದು. ನನ್ನ ಹೆಂಡತಿ ಕೆಲಸಕ್ಕೆ ಬರುತ್ತಾಳೆ," ಎಂದ ಇಂಗ್ಲಿಷಿನಲ್ಲಿ, ಒಂದೇ ಉಸಿರಿಗೆ.

ಆಚೆಯಿಂದ ನರ್ಸರಿಯ ಯಜಮಾನ ಸಂತೋಷ ಎಂದ. ಆಮೇಲೆ ಒಂದು ಪ್ರಶ್ನೆ ಕೇಳಿದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ ಪ್ರಶ್ನೆ: ಇಲ್ಲಿ ದಿನವಿಡೀ ನಿಂತಿರಬೇಕು, ಭಾರ ಎತ್ತಬೇಕು, ಅವರಿಂದ ಅದು ಆಗುತ್ತದೆಯೇ?

ರಘುರಾಮನ ಕಿವಿಗಳು ಕೆಂಪಾದವು. "ಏನಂದೆ?" ಎಂದು ಗುಡುಗಿದ. "ಯಾರಿಂದ ಆಗುತ್ತದೆಯೇ? ನನ್ನ ಹೆಂಡತಿಯಿಂದಲೇ? ಆ ಬೆಟ್ಟದ ಗಾಳಿ ನೀನು ಕಂಡಿದ್ದೀಯಾ? ನನ್ನ ಟೊಪ್ಪಿ ಹೋಯಿತು, ಕೊಡೆ ಹೋಯಿತು, ನಾನೇ ಹೋಗುತ್ತಿದ್ದೆ! ಅವಳು ಹವಾಯಿ ಚಪ್ಪಲಿಯಲ್ಲಿ ನಡೆದಳು! ಬಾರು ಕಿತ್ತರೆ ದಾರ ಕಟ್ಟಿಕೊಂಡು ನಡೆದಳು! ಜೀಪು ಹತ್ತು ಎಂದರೆ ಹತ್ತಲಿಲ್ಲ! ನಿನ್ನಿಂದ ಆಗುತ್ತದೆಯೇ ಅದು? ಉಬ್ಬಸ ಬಂದೀತು ನಿನಗೆ! ನಿನ್ನ ಕುಂಡ ಎತ್ತುವುದಂತೆ! ನಿನ್ನನ್ನೇ ಎತ್ತಿ ಇಡುತ್ತಾಳೆ!"

ಗೋಡೆಯಾಚೆಯ ಮನೆಯವರು ಬಾಗಿಲು ತೆರೆದು ನೋಡುವ ತನಕ ಇದು ನಡೆಯಿತು. ಕೆಲಸ ಕೈತಪ್ಪಿತೆಂದು ಜೈನಬ್ ತಲೆ ತಗ್ಗಿಸಿದಳು. ವಿಮಲಾ ಮಾತ್ರ ಬಕೆಟ್ಟಿನಿಂದ ಕಾಲು ತೆಗೆಯಲಿಲ್ಲ. ಗಂಡನನ್ನು ನೋಡುತ್ತ ಕೂತಳು. ಅವನ ಸಿಟ್ಟು ಅವಳ ಪರವಾಗಿ ಕೂಗಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಆಚೆಯವನು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಹೇಳಿದ, "ಅವರು ಸೋಮವಾರದಿಂದ ಬರಬಹುದು ಸರ್. ನೀವು ಮಾ‌ತ್ರ ದಯವಿಟ್ಟು ಬರಬೇಡಿ."

ರಘುರಾಮ ಫೋನು ಕುಕ್ಕಿದ. "ಎಂತ ಜನ ಮಾರಾಯ್ತಿ! ಬಾ ಅಂತ ಹೇಳ್ಲಿಕ್ಕೂ ಮರ್ಯಾದೆ ಇಲ್ಲ!"

"ಬರ್ಲಿಕ್ಕೆ ಹೇಳಿದನಾ?"

"ಸೋಮವಾರ."

ವಿಮಲಾ ಕೈ ಚಾಚಿ ಪಕ್ಕದ ಮೇಜಿನಿಂದ ಸೌಟು ತೆಗೆದು ಅವನಿಗೆ ಕೊಟ್ಟಳು. "ಕಾವಲಿ ಕಾದು ಎಷ್ಟು ಹೊತ್ತಾಯ್ತು. ಐದು ಜನ ಇದ್ದೇವೆ. ಹೊಯ್ಯಿರಿ."